ನೇಪಲ್ಸ್‌ನಿಂದ ಪಲೆರ್ಮೊ: ಬಾಡಿಗೆ ಕಾರನ್ನು ರಾತ್ರಿ ಹಡಗಿಗೆ ಹತ್ತಿಸಿದ ಅನುಭವ

ನೇಪಲ್ಸ್‌ನಿಂದ ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ನಡುವೆ ಮೆಸ್ಸಿನಾ ಜಲಸಂಧಿ ದಾಟಲು ಇಪ್ಪತ್ತು ನಿಮಿಷದ ಫೆರ್ರಿ ಬೇರೆ. ಒಂದು ಹಗಲು ಅದಕ್ಕೇ ಹೋಗುತ್ತದೆ. ರಾತ್ರಿ ಎಂಟರ ಆಸುಪಾಸಿಗೆ ನೇಪಲ್ಸ್ ಬಿಡುವ ಫೆರ್ರಿ ಬೆಳಿಗ್ಗೆ ಆರೂವರೆ, ಏಳಕ್ಕೆ ಪಲೆರ್ಮೊ ಮುಟ್ಟುತ್ತದೆ. ಹೋಗುವಾಗ ಹಡಗು, ಬರುವಾಗ ರಸ್ತೆ ಎಂದು ಇಟ್ಟುಕೊಂಡರೆ ಒಳ್ಳೆಯ ಸುತ್ತು. ಮೆಸ್ಸಿನಾ ದಾಟಿದ ಮೇಲೆ ನೇಪಲ್ಸ್ ಹತ್ತಿರದ ಸಲೆರ್ನೊವರೆಗಿನ ಎ2 ಹೆದ್ದಾರಿಗೆ ಟೋಲ್ ಇಲ್ಲ.

ಆದರೆ ಕಾರು ಹಡಗು ಹತ್ತಲೇಬೇಕೇ ಎನ್ನುವುದನ್ನು ಮೊದಲು ಲೆಕ್ಕ ಹಾಕಿ. ಸಿಸಿಲಿಯಲ್ಲಿ ಸುತ್ತುವುದಕ್ಕಷ್ಟೇ ಕಾರು ಬೇಕಿದ್ದರೆ, ಬರೀ ಪ್ರಯಾಣಿಕರ ಟಿಕೆಟ್ ತೆಗೆದುಕೊಂಡು ಪಲೆರ್ಮೊದಲ್ಲಿ ಇಳಿದ ಮೇಲೆ ಬಾಡಿಗೆಗೆ ಹಿಡಿಯುವುದು ಸಾಮಾನ್ಯವಾಗಿ ಅಗ್ಗ. ಕಾರು ಒಂದು ಊರಲ್ಲಿ ಪಡೆದು ಇನ್ನೊಂದು ಊರಲ್ಲಿ ಬಿಟ್ಟರೆ ಪ್ರತ್ಯೇಕ ಶುಲ್ಕ ಬೀಳುತ್ತದೆ. ಮನೆಮಂದಿಯೆಲ್ಲ ಇದ್ದು, ಲಗೇಜು ಹೆಚ್ಚಿದ್ದು, ಕಾರನ್ನು ಪಡೆದ ಊರಿಗೇ ಮರಳಿಸುವುದಿದ್ದರೆ ಮಾತ್ರ ಹಡಗಿಗೆ ಹತ್ತಿಸುವುದರಲ್ಲಿ ಅರ್ಥವಿದೆ.

ಬುಕಿಂಗ್‌ನಲ್ಲಿ ತೊಡಕಾಗುವುದು ಕಾರಿನ ವಿವರ. ಟಿಕೆಟ್‌ಗೆ ಉದ್ದ, ಎತ್ತರ, ನಂಬರ್ ಪ್ಲೇಟ್ ಮೂರೂ ಬೇಕು. ಬಾಡಿಗೆ ಕಾರಿನ ಪ್ಲೇಟ್ ಕೀ ಕೈಗೆ ಬರುವ ತನಕ ಗೊತ್ತಾಗುವುದಿಲ್ಲ. ಮಾದರಿಯೂ ಅಷ್ಟೇ: 'ಫಿಯಟ್ ಪಾಂಡಾ ಅಥವಾ ಅಂಥದ್ದು' ಎಂದು ಬರೆದಿರುತ್ತಾರೆ. ಪಾಂಡಾ ಸುಮಾರು 3.65 ಮೀಟರ್. ಅದನ್ನು ನಂಬಿ 4 ಮೀಟರ್ ಒಳಗಿನ ದರ ಕಟ್ಟಿ, ಕೌಂಟರಿನಲ್ಲಿ ಖುಷಿಯಿಂದ ದೊಡ್ಡ ಕಾರು ಕೊಟ್ಟರೆ, ಬಂದರಿನಲ್ಲಿ ವ್ಯತ್ಯಾಸದ ಹಣ ಕಟ್ಟಬೇಕು, ಜಾಗವಿಲ್ಲದಿದ್ದರೆ ಜಗಳ. ಅದಕ್ಕೇ ನಾನು ಒಂದು ಹಂತ ಮೇಲಿನ ಉದ್ದಕ್ಕೇ ಟಿಕೆಟ್ ಮಾಡುತ್ತೇನೆ. ಮೇಲ್ಛಾವಣಿಯ ಪೆಟ್ಟಿಗೆ, ಹಿಂದೆ ಸೈಕಲ್ ಸ್ಟ್ಯಾಂಡ್ ಇದ್ದರೆ ಅದನ್ನೂ ಸೇರಿಸಿಯೇ ಅಳತೆ. ಪ್ಲೇಟ್ ನಂಬರನ್ನು ಕಾರು ಕೈಗೆ ಬಂದ ಕೂಡಲೇ ಹಡಗು ಕಂಪನಿಯ ವೆಬ್‌ಸೈಟಿನಲ್ಲೋ ಫೋನಿನಲ್ಲೋ ತಿದ್ದಿಸಬೇಕು, ಚೆಕ್-ಇನ್ ಸಾಲಿನಲ್ಲಿ ನಿಂತಾಗಲ್ಲ. ಗ್ಯಾಸ್ ಕಾರಾದರೆ, ಎಲ್‌ಪಿಜಿಯೋ ಮೀಥೇನೋ, ಬುಕಿಂಗ್‌ನಲ್ಲೇ ಹೇಳಿ. ಅವುಗಳನ್ನು ಬೇರೆ ಜಾಗದಲ್ಲಿ ನಿಲ್ಲಿಸುತ್ತಾರೆ.

ಬಾಡಿಗೆ ಕರಾರಿನಲ್ಲಿ ಎರಡು ಸಾಲು ಹುಡುಕಿ: ಕಾರನ್ನು ಫೆರ್ರಿಗೆ ಹತ್ತಿಸಲು ಅನುಮತಿ ಇದೆಯೇ, ಹಡಗಿನೊಳಗೆ ಆದ ಹಾನಿಗೆ ವಿಮೆ ಇದೆಯೇ. ಎರಡನೆಯದಕ್ಕೆ ಉತ್ತರ 'ಇಲ್ಲ' ಎಂದಿರುವುದು ಅಪರೂಪವಲ್ಲ. ಭಾರತದ ಲೈಸೆನ್ಸ್ ಇರುವವರಿಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಊರಿನಲ್ಲೇ ಆರ್‌ಟಿಒದಿಂದ ಮಾಡಿಸಿಕೊಂಡು ಹೋಗಬೇಕು.

ಕ್ಯಾಬಿನ್, ಒರಗು ಕುರ್ಚಿ, ಬರೀ ಡೆಕ್ ಟಿಕೆಟ್ ಎಂದು ಮೂರು ಬಗೆ. ಬೆಳಿಗ್ಗೆ ಇಳಿದ ತಕ್ಷಣ ಸ್ಟಿಯರಿಂಗ್ ಹಿಡಿಯುವವರು ಕುರ್ಚಿಯಲ್ಲಿ ಹಣ ಉಳಿಸಬೇಡಿ. ದೀಪ ಆರುವುದಿಲ್ಲ, ಎಸಿ ನಡುಗಿಸುತ್ತದೆ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಸಾಕು, ಹೇಗಿದ್ದರೂ ಹೊರಗೆ ಕತ್ತಲೆ. ಹೊಯ್ದಾಟಕ್ಕೆ ಹೆದರುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಮುಂತುದಿ, ಹಿಂತುದಿ ತೊಟ್ಟಿಲಿನಂತೆ ಏರಿಳಿಯುತ್ತವೆ. ಅವೊಮಿನ್ ಥರದ ವಾಂತಿ ಮಾತ್ರೆಯನ್ನು ಹಡಗು ಬಿಡುವ ಮುಂಚೆ ನುಂಗಬೇಕು, ಹೊಟ್ಟೆ ತೊಳಸಿದ ಮೇಲಲ್ಲ. ಅದರ ಮಂಪರು ಬೆಳಗಿನವರೆಗೂ ಉಳಿಯಬಹುದು, ಹಾಗಾಗಿ ಓಡಿಸುವವರಿಗೆ ಅದು ಬೇಡ. ಆಗಸ್ಟ್ 15ರ ಫೆರಗೊಸ್ತೊ ರಜೆಯ ಹಿಂದೆ ಮುಂದೆ ಇಡೀ ಇಟಲಿಯೇ ಸಮುದ್ರದ ಕಡೆ ಹೊರಡುತ್ತದೆ. ಆ ವಾರಗಳಿಗೆ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಮಾಡಿ.

ಹಡಗು ಹೊರಟ ಮೇಲೆ ಗ್ಯಾರೇಜು ಮುಚ್ಚುತ್ತಾರೆ, ಬೆಳಗಿನ ತನಕ ಕಾರಿನ ಹತ್ತಿರ ಬಿಡುವುದಿಲ್ಲ. 'ಮಗುವಿನ ಔಷಧಿ ಡಿಕ್ಕಿಯಲ್ಲಿದೆ' ಎಂದರೂ ಕಷ್ಟವೇ. ಆದ್ದರಿಂದ ರಾತ್ರಿಯ ಚೀಲವನ್ನು ಹಿಂದಿನ ದಿನವೇ ಬೇರೆ ಕಟ್ಟಿ, ಕೈ ಚಾಚಿದರೆ ಸಿಗುವ ಹಾಗೆ ಸೀಟಿನ ಮೇಲಿಡಿ: ಪಾಸ್‌ಪೋರ್ಟ್, ಔಷಧಿ, ಬೆಚ್ಚನೆಯ ಮೇಲಂಗಿ, ಚಾರ್ಜರ್, ಟವೆಲ್, ನೀರು, ಊಟ. ಸಸ್ಯಾಹಾರಿಗಳಿಗೆ ಹಡಗಿನ ಕ್ಯಾಂಟೀನಿನಲ್ಲಿ ಟೊಮೆಟೊ ಪಾಸ್ತಾ, ಸಲಾಡು ಸಿಗುತ್ತದೆ, ಅದಕ್ಕಿಂತ ಹೆಚ್ಚು ನೆಚ್ಚಬೇಡಿ. ಚಪಾತಿ, ಚಟ್ನಿಪುಡಿ ಇದ್ದರೆ ನೆಮ್ಮದಿ. ಕ್ಯಾಬಿನ್‌ನಲ್ಲಿ ಕೆಟಲ್ ಹಚ್ಚುವಂತಿಲ್ಲ. ಬಾರಿನಲ್ಲಿ 'ಆಕ್ವಾ ಕಾಲ್ದಾ' ಎಂದು ಕೇಳಿದರೆ ಬಿಸಿನೀರು ಕೊಡುತ್ತಾರೆ. ನಮ್ಮ ಎರಡು ಪಿನ್ನಿನ ಚಾರ್ಜರ್ ಇಟಲಿಯ ಸಾಕೆಟ್‌ಗೆ ಹೊಂದುತ್ತದೆ, ದಪ್ಪ ಮೂರು ಪಿನ್ನಿನದು ಹೊಂದುವುದಿಲ್ಲ.

ನೇಪಲ್ಸ್‌ನಲ್ಲಿ ಬಂದರು ಹುಡುಕುವಾಗ ಎಡವುವವರು ಬಹಳ. ಮ್ಯಾಪಿನಲ್ಲಿ ಬರೀ 'ನೇಪಲ್ಸ್ ಪೋರ್ಟ್' ಎಂದು ಹಾಕಿದರೆ ಕಾಪ್ರಿ ದ್ವೀಪಕ್ಕೆ ಹೋಗುವ ವೇಗದ ದೋಣಿಗಳ ಮೋಲೊ ಬೆವೆರೆಲ್ಲೊಗೋ, ಕ್ರೂಸ್ ಹಡಗುಗಳ ಕಟ್ಟೆಗೋ ಕೊಂಡೊಯ್ದು ನಿಲ್ಲಿಸುತ್ತದೆ. ಸಿಸಿಲಿಯ ಕಾರು ಹಡಗುಗಳಿಗೆ ಕಲಾತಾ ಪೋರ್ತಾ ದಿ ಮಾಸ್ಸಾ ಎಂದು ಹಾಕಿ, ಟಿಕೆಟ್‌ನಲ್ಲಿ ನಮೂದಿಸಿದ ಕಟ್ಟೆಯೊಂದಿಗೆ ತಾಳೆ ನೋಡಿ. ನಾನು ಹಡಗು ಬಿಡುವ ಎರಡು ಗಂಟೆ ಮುಂಚೆ ಅಲ್ಲಿರುತ್ತೇನೆ. ಸಂಜೆಯ ಟ್ರಾಫಿಕ್ ಅರ್ಧ ಗಂಟೆ ನುಂಗಿದರೂ ನಡೆಯುತ್ತದೆ.

ಸಾಲಿನಲ್ಲಿ ನಿಂತಾಗಲೇ ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ. ಕೆಲವೆಡೆ ಓಡಿಸುವವರನ್ನು ಬಿಟ್ಟು ಉಳಿದವರು ಇಳಿದು ನಡೆದೇ ಹತ್ತಬೇಕಾಗುತ್ತದೆ. ರ‍್ಯಾಂಪಿನ ಬುಡದಲ್ಲಿ ದಾರಿ ಮಡಚಿದಂತೆ ತಟ್ಟನೆ ಏರುತ್ತದೆ, ತುಂಬಿದ ಕಾರಿನ ಹೊಟ್ಟೆ ಉಜ್ಜುವುದು ಅಲ್ಲಿಯೇ. ಫಸ್ಟ್ ಗೇರಿನಲ್ಲಿ ನಿಧಾನ. ಒಳಗೆ ಸಿಬ್ಬಂದಿ 'ವಿಯೆನಿ, ವಿಯೆನಿ' ಎಂದು ಕೈಬೀಸಿದರೆ ಬಾ, 'ಪಿಯಾನೊ' ಎಂದರೆ ಮೆಲ್ಲಗೆ, ಅಂಗೈ ತೋರಿಸಿದರೆ ಬ್ರೇಕು. ಕನ್ನಡಿ ನೋಡಬೇಡಿ, ಅವರ ಕೈ ನೋಡಿ. ಪಕ್ಕದ ಕಾರಿಗೂ ನಿಮಗೂ ನಡುವೆ ಒಂದು ಗೇಣು ಬಿಟ್ಟು ನಿಲ್ಲಿಸುವುದು ಅವರಿಗೆ ಮಾಮೂಲು. ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಗೇರಿನಲ್ಲೇ ಬಿಟ್ಟು, ಕನ್ನಡಿ ಮಡಚಿ, ಅಲಾರಂ ಆಫ್ ಮಾಡಿ. ಹಡಗು ತೂಗಿದಾಗೆಲ್ಲ ಅಲಾರಂ ಕೂಗಿ ಬ್ಯಾಟರಿ ಇಳಿಸಿಬಿಡುತ್ತದೆ. ಹೊರಡುವ ಮುನ್ನ ಗೋಡೆಯ ಮೇಲಿನ ಡೆಕ್ ಸಂಖ್ಯೆ ಮತ್ತು ಹತ್ತಿದ ಮೆಟ್ಟಿಲಿನ ಗುರುತಿನ ಫೋಟೊ ತೆಗೆಯಿರಿ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಎಲ್ಲ ಮೆಟ್ಟಿಲೂ ಒಂದೇ ಥರ ಕಾಣುತ್ತವೆ.

ದಡ ದೂರವಾಗುತ್ತಿದ್ದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ಅಂಟಿಕೊಳ್ಳಬಹುದು. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ, ಬಿಲ್ಲು ಎದೆ ಒಡೆಸುತ್ತದೆ.

ಬೆಳಿಗ್ಗೆ ದಡ ಸೇರುವ ಗಂಟೆಗೂ ಮುಂಚೆಯೇ ಕ್ಯಾಬಿನ್ ಖಾಲಿ ಮಾಡಲು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಗ್ಯಾರೇಜಿಗೆ ಕರೆದ ಮೇಲೆಯೇ ಇಳಿಯಿರಿ, ಮುಂದಿನ ಕಾರು ಚಲಿಸಿದ ಮೇಲೆಯೇ ಎಂಜಿನ್ ಹಚ್ಚಿ, ಇಲ್ಲದಿದ್ದರೆ ಒಳಗೆ ಬರೀ ಹೊಗೆ. ಗೀರು ಕಂಡರೆ ಅಲ್ಲೇ ಸಿಬ್ಬಂದಿಗೆ ತೋರಿಸಿ ಬರೆಸಿಕೊಳ್ಳಿ. ರ‍್ಯಾಂಪ್ ಇಳಿದ ಮೇಲೆ ಯಾರೂ ಒಪ್ಪುವುದಿಲ್ಲ.

ಏಳು ಗಂಟೆಗೆ ಪಲೆರ್ಮೊದಲ್ಲಿ ಹೋಟೆಲ್ ರೂಮು ಸಿಗುವುದಿಲ್ಲ. ಬಂದರಿನಿಂದ ಸುಮಾರು 10 ಕಿ.ಮೀ. ದೂರದ ಮೊಂದೆಲ್ಲೊ ಕಡಲತೀರಕ್ಕೋ, 70 ಕಿ.ಮೀ. ಪೂರ್ವದ ಚೆಫಾಲೂಗೋ ನೇರ ಹೋಗುವುದು ಮೇಲು. ಹಳೆಯ ಊರಿನೊಳಗೆ ವಾಹನ ನಿರ್ಬಂಧಿತ ವಲಯವಿದೆ, ಪ್ರವೇಶದಲ್ಲಿ ಕ್ಯಾಮೆರಾ. ಅಲ್ಲಿನ ಫಲಕದಲ್ಲಿ 'ವಾರ್ಕೊ ಅತ್ತೀವೊ' ಎಂದು ಹೊಳೆಯುತ್ತಿದ್ದರೆ ದಾರಿ ತೆರೆದಿದೆ ಎಂದಲ್ಲ, ನಿರ್ಬಂಧ ಜಾರಿಯಲ್ಲಿದೆ ಎಂದು. 'ನೊನ್ ಅತ್ತೀವೊ' ಇದ್ದರೆ ಮಾತ್ರ ನುಗ್ಗಬಹುದು. ತಿರುವುಮುರುವು ಓದಿಕೊಂಡವರಿಗೆ ಬಾಡಿಗೆ ಕಂಪನಿಯ ಶುಲ್ಕ ಮೊದಲು ಕಾರ್ಡಿನಲ್ಲಿ ಕಡಿತವಾಗುತ್ತದೆ, ದಂಡದ ನೋಟಿಸು ತಿಂಗಳುಗಳಾದ ಮೇಲೆ ಊರಿನ ವಿಳಾಸಕ್ಕೆ ಬರುತ್ತದೆ.