ತೂಕದ ಅಂಕಿ ಕುಣಿಯುತ್ತಿದ್ದರೆ ಮೊದಲು ಪ್ಯಾನೆಲ್ ಬಾಗಿಲು ತೆಗೆಯಿರಿ

ತೀರ್ಥಹಳ್ಳಿ ಕಡೆಯ ಒಂದು ಅಕ್ಕಿ ಗಿರಣಿ. ಚೀಲ ತುಂಬುವ ಯಂತ್ರದ ಮೋಟಾರಿಗೆ ಹೊಸ ಡ್ರೈವ್ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಕೂರಿಸಿದ್ದೆವು. ಮೋಟಾರ್ ನಿಂತಿದ್ದಾಗ ತೂಕದ ಅಂಕಿ ಅಲುಗುತ್ತಿರಲಿಲ್ಲ. ತಿರುಗಿತೋ, 25 ಕಿಲೋ ಚೀಲ ಒಮ್ಮೆ 24.6, ಒಮ್ಮೆ 25.5. ‘ಅರ್ತಿಂಗ್ ಸರಿ ಇಲ್ಲ ಮಾರಾಯ್ರೆ, ಇನ್ನೊಂದು ಗುಂಡಿ ತೆಗೆಸುವ’ ಎಂದರು ಮಾಲೀಕರು. ತೆಗೆಸಿದೆವು. ಉಪ್ಪು, ಇದ್ದಿಲು ತುಂಬಿ ಕೊಡಗಟ್ಟಲೆ ನೀರು ಹೊಯ್ದೆವು. ಅಂಕಿ ಕುಣಿಯುತ್ತಲೇ ಇತ್ತು.

ತಪ್ಪಿದ್ದದ್ದು ಪ್ಯಾನೆಲ್ ಒಳಗೆ, ಅಂದರೆ ಡ್ರೈವ್ ಕೂರಿಸಿದ ತಗಡಿನ ಪೆಟ್ಟಿಗೆಯೊಳಗೆ. ಮೋಟಾರ್ ಕೇಬಲ್ಲಿನ ಶೀಲ್ಡ್ ಅನ್ನು (ವೈರುಗಳ ಸುತ್ತ ಇರುವ ಲೋಹದ ಹೆಣಿಗೆ) ಜಡೆಯಂತೆ ಹೆಣೆದು, ಅದಕ್ಕೆ ಅರ್ಧ ಅಡಿ ಹಸಿರು ವೈರ್ ಸೇರಿಸಿ, ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿದ್ದರು. ನೋಡಲು ಅಚ್ಚುಕಟ್ಟು. ಕೆಲಸಕ್ಕೆ ಬಾರದು.

ಯಾಕೆ ಅಂತ ತಿಳಿದರೆ ಉಳಿದದ್ದು ಸುಲಭ. ಡ್ರೈವ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ಪ್ರತಿ ಸಲವೂ ಒಂದಿಷ್ಟು ಕರೆಂಟ್ ಕೇಬಲ್ ಮತ್ತು ಮೋಟಾರಿನ ಮೈಗೆ ಸೋರುತ್ತದೆ. ಅದು ಹುಡುಕುವುದು ನೆಲವನ್ನಲ್ಲ, ತಾನು ಹೊರಟ ಡ್ರೈವನ್ನೇ. ಹತ್ತಿರದ ದಾರಿ ಕೊಟ್ಟರೆ ಸುಮ್ನೆ ವಾಪಸ್ ಹೋಗುತ್ತದೆ. ಕೊಡದಿದ್ದರೆ ತೂಕ ಅಳೆಯುವ ಸೆನ್ಸರ್, ಅಂದರೆ ಲೋಡ್ ಸೆಲ್, ಅದರ ವೈರಿನ ಮೇಲೆ ಹಾದು ಹೋಗುತ್ತದೆ. ಲೋಡ್ ಸೆಲ್ ಪೂರ್ತಿ ಭಾರ ಹೊತ್ತಾಗಲೂ ಕೊಡುವುದು ಸುಮಾರು 20 ಮಿಲಿವೋಲ್ಟ್, ಅಷ್ಟೇ. ಮಲ್ಟಿಮೀಟರಿನಲ್ಲಿ ಸೊನ್ನೆ ಓಮ್ ತೋರಿಸುವ ಉದ್ದದ, ತೆಳುವಾದ ವೈರ್, ಇಷ್ಟು ವೇಗದ ಕರೆಂಟಿಗೆ ಗೋಡೆ ಇದ್ದ ಹಾಗೆ.

ಹಾಗಂತ ಗುಂಡಿ ಬೇಡ ಅಂತಲ್ಲ. ಅದು ಜೀವ ಕಾಯುವುದಕ್ಕೆ. ಅದು ಸರಿ ಇರಲೇಬೇಕು, ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಅರ್ತ್ ಅಳೆದರೆ ಒಳ್ಳೆಯ ಅಂಕಿ (ಕಡಿಮೆ ಓಮ್) ತೋರಿಸುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಕೊಡುತ್ತದೆ. ಅದಕ್ಕೇ ಜುಲೈನಲ್ಲಿ ಅಳೆದು ಸಮಾಧಾನಪಡಬೇಡಿ. ಯಂತ್ರದ ಮೈಗೆ ಎರಡು ಬೇರೆ ಬೇರೆ ಅರ್ತ್ ಪಟ್ಟಿ ಎಳೆಯಿರಿ. ಯಂತ್ರದ ಪ್ಯಾನೆಲ್ ಒಳಗೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಲೇಬೇಡಿ.

‘ಪಿಎಲ್‌ಸಿಗೆ ಬೇರೆಯೇ ಗುಂಡಿ ಇರಲಿ, ಕ್ಲೀನ್ ಆಗಿರುತ್ತೆ’ ಎನ್ನುವವರು ಜಾಸ್ತಿ. ಪಿಎಲ್‌ಸಿ ಅಂದರೆ ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್. ದಯವಿಟ್ಟು ಅವರ ಮಾತು ಕೇಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನ ಸಿಡಿಲು ಹೇಗಿರುತ್ತದೆ ನಿಮಗೆ ಗೊತ್ತಲ್ವಾ? ಹತ್ತಿರದಲ್ಲಿ ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಆ ವೋಲ್ಟೇಜ್ ನುಗ್ಗುವುದು ನಿಮ್ಮ ಪಿಎಲ್‌ಸಿ ಮೂಲಕವೇ. ಗುಂಡಿ ಎಷ್ಟೇ ಇರಲಿ, ಎಲ್ಲವನ್ನೂ ಒಂದಕ್ಕೊಂದು ಸೇರಿಸಿ.

ಇನ್ನು ಪ್ಯಾನೆಲ್. ಮೇನ್ ಆಫ್ ಮಾಡಿದ ಮೇಲೂ ಡ್ರೈವ್ ಒಳಗೆ ಚಾರ್ಜ್ ಉಳಿದಿರುತ್ತದೆ. ಅದರ ಮೇಲೆ ಬರೆದಷ್ಟು ನಿಮಿಷ ಕಾಯ್ದು, ವೋಲ್ಟೇಜ್ ಇಲ್ಲ ಅಂತ ಅಳೆದು ನೋಡಿ, ಆಮೇಲೆ ಕೈ ಹಾಕಿ. ಒಳಗಿನ ಮೌಂಟಿಂಗ್ ಪ್ಲೇಟ್ ಬಣ್ಣ ಬಳಿಯದ ಜಿಐ ತಗಡಾಗಿದ್ದರೆ ಒಳ್ಳೆಯದು. ಬಣ್ಣ ಇದ್ದರೆ ಡ್ರೈವ್ ಮತ್ತು ಫಿಲ್ಟರ್ (ಡ್ರೈವಿನ ಗದ್ದಲ ಕರೆಂಟ್ ಲೈನಿಗೆ ಹೋಗದಂತೆ ತಡೆಯುವ ಡಬ್ಬಿ) ಕೂರುವ ಕಡೆ ತಗಡು ಹೊಳೆಯುವ ತನಕ ಕೆರೆಯಿರಿ. ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ. ನಮ್ಮ ಮಳೆಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುತ್ತದೆ, ಬಿಗಿದಾದ ಮೇಲೆ ಸುತ್ತ ಬಣ್ಣ ಹಚ್ಚಿ. ಬಾಗಿಲಿಗೆ ಗಿಡ್ಡನೆಯ, ಅಗಲದ ತಾಮ್ರದ ಹೆಣಿಗೆ ಪಟ್ಟಿ ಕೊಡಿ.

ಮೋಟಾರ್ ಕೇಬಲ್ ಶೀಲ್ಡ್ ಇರುವುದೇ ಬೇಕು. ಜಡೆ ಹೆಣೆಯಬೇಡಿ. ಹೊರಗಿನ ಪ್ಲಾಸ್ಟಿಕ್ ಸುಲಿದು, ಒಳಗಿನ ಹೆಣಿಗೆ ಸುತ್ತಲೂ ಹಿಡಿಯುವಂತೆ ಲೋಹದ ಕ್ಲ್ಯಾಂಪ್ ಹಾಕಿ ಪ್ಲೇಟಿಗೆ ಒತ್ತಿ. ಬಳೆ ಕೈಗೆ ಕೂರುವ ಹಾಗಲ್ಲ, ಉಂಗುರ ಬೆರಳಿಗೆ ಕೂರುವ ಹಾಗೆ. ಮೋಟಾರ್ ಕಡೆಯಲ್ಲೂ ಲೋಹದ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಕಡೆ ಅದನ್ನು ಬಿಗಿಯಾಗಿ ಹಿಡಿಯುವ ಭಾಗ) ಹಾಕಿ ಹೀಗೇ ಮಾಡಿ. ಲೋಡ್ ಸೆಲ್ ಶೀಲ್ಡ್ ಸಾಮಾನ್ಯವಾಗಿ ಇಂಡಿಕೇಟರ್ (ತೂಕದ ಅಂಕಿ ತೋರಿಸುವ ಡಬ್ಬಿ) ಕಡೆ ಮಾತ್ರ ಸೇರಿಸುತ್ತಾರೆ. ಆದರೂ ತಯಾರಕರ ಪುಸ್ತಕ ಒಮ್ಮೆ ನೋಡಿ.

ಮೋಟಾರ್ ಕೇಬಲ್ ಮತ್ತು ಸಿಗ್ನಲ್ ವೈರ್ ಒಂದೇ ಟ್ರೇಯಲ್ಲಿ ಬೇಡ. ಕಡಿಮೆ ಅಂದರೂ ಒಂದು ಅಡಿ ದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಫಿಲ್ಟರಿನ ಒಳಬರುವ, ಹೊರಹೋಗುವ ವೈರ್ ಒಟ್ಟಿಗೆ ಕಟ್ಟಿದರೆ ಫಿಲ್ಟರ್ ಹಾಕಿದ್ದೇ ದಂಡ. ರಿಲೇ, ಕಾಂಟ್ಯಾಕ್ಟರ್ ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ಕೂಡ ಗದ್ದಲ ಮಾಡುತ್ತದೆ; ಅದನ್ನು ತಡೆಯಲು 24 ವೋಲ್ಟ್ ಡಿಸಿ ರಿಲೇ ಕಾಯಿಲಿಗೆ ಡಯೋಡ್, ಎಸಿ ಕಾಂಟ್ಯಾಕ್ಟರ್ ಕಾಯಿಲಿಗೆ ಆರ್‌ಸಿ ಸ್ನಬರ್ ಹಾಕಿ.

ಆ ಗಿರಣಿಯಲ್ಲಿ ನಾವು ಮಾಡಿದ್ದು ಬಣ್ಣ ಕೆರೆದದ್ದು, ಎರಡು ಕ್ಲ್ಯಾಂಪ್ ಹಾಕಿದ್ದು, ಲೋಡ್ ಸೆಲ್ ವೈರನ್ನು ಬೇರೆ ಪೈಪಿಗೆ ಹಾಕಿದ್ದು. ಮೋಟಾರ್ ಪೂರ್ತಿ ವೇಗದಲ್ಲಿ ತಿರುಗುವಾಗ ಎಲ್ಲರೂ ಇಂಡಿಕೇಟರ್ ಮುಂದೆ ನಿಂತಿದ್ದೆವು. 25.0 ಬಂತು, ನಿಂತಿತು. ಇನ್ನೂ ಸ್ವಲ್ಪ ಅಲುಗಿದ್ದರೆ ಡ್ರೈವಿನ ಕ್ಯಾರಿಯರ್ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಕತ್ತರಿಸುತ್ತದೆ ಅನ್ನುವುದು) ಇಳಿಸಿ ನೋಡುತ್ತಿದ್ದೆ. ಮೋಟಾರ್ ಸದ್ದು ಜಾಸ್ತಿ ಆಗುತ್ತದೆ, ತೊಂದರೆ ಕಡಿಮೆ ಆಗುತ್ತದೆ.

ಏಪ್ರಿಲ್ ಕೊನೆಗೆ ಅರ್ತ್ ಟೆಸ್ಟರ್ ತಂದು ಗುಂಡಿ ಅಳೆಯಿರಿ. ಬಂದ ಅಂಕಿ, ತಾರೀಕು ಬರೆದು ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ವರ್ಷ ಹೋಲಿಸಲು ಅದು ಬೇಕು.