ಮಹಾಮಾರಿಗಳ ಕಾಲದ ನಾಣ್ಯಗಳನ್ನು ನಾನು ಸಂಗ್ರಹಿಸಿದ ಬಗೆ

ಸಾಂಕ್ರಾಮಿಕ ರೋಗಗಳು ಊರೂರುಗಳನ್ನೇ ಬರಿದುಮಾಡುತ್ತಿದ್ದಾಗಲೂ ಟಂಕಸಾಲೆಗಳ ಕೆಲಸ ನಡೆದೇ ಇತ್ತು. ಆದರೆ ಆಗ ಹೊರಬಂದ ನಾಣ್ಯಗಳಲ್ಲಿ ಹೆಚ್ಚಿನವು ರೋಗದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಹೀಗಾಗಿ ಸಂಗ್ರಹಕ್ಕೆ ಕೈಹಾಕುವ ಮೊದಲೇ ನಾನೊಂದು ನಿಯಮ ಹಾಕಿಕೊಂಡೆ: ನಾಣ್ಯದ ಮೇಲಿನ ಬರಹದಿಂದಲೇ ಅದರ ಕಾಲವನ್ನು, ಸಾಧ್ಯವಾದರೆ ಅದು ಹುಟ್ಟಿದ ಊರನ್ನೂ ಗುರುತಿಸಲು ಬರಬೇಕು. ಬಾರದಿದ್ದರೆ, ಎಷ್ಟೇ ಅಂದವಾಗಿದ್ದರೂ ಅದಕ್ಕೆ ಮುಖ್ಯ ಸಂಗ್ರಹದಲ್ಲಿ ಸ್ಥಾನವಿಲ್ಲ.

ಈ ನಿಯಮಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ಬೈಜಾಂಟೈನ್ ಚಕ್ರವರ್ತಿ ಜಸ್ಟಿನಿಯನ್‌ನ ಫೋಲಿಸ್ ಎಂಬ ದೊಡ್ಡ ತಾಮ್ರದ ನಾಣ್ಯ. ಆಳ್ವಿಕೆಯ 12ನೇ ವರ್ಷದಿಂದ, ಅಂದರೆ 538-39ರಿಂದ, ಆತ ನಾಣ್ಯದ ಹಿಮ್ಮುಖದಲ್ಲಿ ವರ್ಷವನ್ನು ಬರೆಸತೊಡಗಿದನು. ನಡುವೆ 40 ನುಮ್ಮಿಗಳ (ಅಂದಿನ ಅತಿ ಸಣ್ಣ ನಾಣ್ಯಗಳ) ಮೌಲ್ಯವನ್ನು ತೋರಿಸುವ ಗ್ರೀಕ್ ‘ಮ್ಯೂ’ ಅಕ್ಷರ, ಎಡಕ್ಕೆ ಮೇಲಿನಿಂದ ಕೆಳಕ್ಕೆ ‘ವರ್ಷದಲ್ಲಿ’ ಎಂಬರ್ಥದ ‘ಅನ್ನೋ’ ಎಂಬ ಲ್ಯಾಟಿನ್ ಪದ, ಬಲಕ್ಕೆ ಆಳ್ವಿಕೆಯ ವರ್ಷ, ಕೆಳಗೆ ಟಂಕಸಾಲೆಯ ಹೆಸರಿನ ಮೊದಲ ಅಕ್ಷರಗಳು: ಇಷ್ಟನ್ನು ಓದಲು ಕಲಿತರೆ ನಾಣ್ಯ ಯಾವ ನಗರದಲ್ಲಿ, ಯಾವ ವರ್ಷ ಹುಟ್ಟಿತೆಂದು ಹೇಳಬಹುದು. ಪ್ಲೇಗ್ 541ರಲ್ಲಿ ಈಜಿಪ್ಟಿನ ಪೆಲೂಸಿಯಮ್‌ನಲ್ಲಿ ಕಾಣಿಸಿಕೊಂಡು, 542ರ ವಸಂತದಲ್ಲಿ ಕಾನ್‌ಸ್ಟಾಂಟಿನೋಪಲ್ ತಲುಪಿತೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್‌ನ ಬರಹದಿಂದ ತಿಳಿಯುತ್ತದೆ. ಚಕ್ರವರ್ತಿಯೂ ರೋಗಕ್ಕೆ ಸಿಕ್ಕಿ ಬದುಕಿ ಉಳಿದನು. ಆಳ್ವಿಕೆಯ ಲೆಕ್ಕ 527ರ ಏಪ್ರಿಲ್‌ನಿಂದ ಆರಂಭವಾಗುವುದರಿಂದ 15ನೇ ವರ್ಷವು 542ರ ಮಾರ್ಚಿಗೆ ಮುಗಿಯುತ್ತದೆ. ಹಾಗಾಗಿ ರಾಜಧಾನಿಯ ಪ್ಲೇಗಿಗೆ ಸಾಕ್ಷಿಯಾಗಬಲ್ಲದ್ದು 16ನೇ ವರ್ಷದ ನಾಣ್ಯವೇ ಹೊರತು, ‘ಪ್ಲೇಗ್ ನಾಣ್ಯ’ ಎಂದು ಮಾರಾಟಕ್ಕೆ ಬರುವ 15ನೇ ವರ್ಷದ್ದಲ್ಲ. ನಾನು 12ನೇ ವರ್ಷದಿಂದ ಮುಂದಕ್ಕೆ ಸಾಲಾಗಿ ಕೂಡಿಸುತ್ತ ಬಂದದ್ದು ಇದಕ್ಕಾಗಿಯೇ. ಹಿಂದಿನ ವರ್ಷಗಳ ನಾಣ್ಯಗಳು ಪಕ್ಕದಲ್ಲಿ ಇಲ್ಲದಿದ್ದರೆ 16ನೆಯದರಲ್ಲಿ ಏನು ಬದಲಾಯಿತೆಂದು ಕಾಣುವುದೇ ಇಲ್ಲ.

ಆ ಬದಲಾವಣೆ ಮುಖ್ಯವಾಗಿ ತೂಕದಲ್ಲಿದೆ. ಅಂಗೈಯನ್ನು ತುಂಬುವಂತಿದ್ದ ಮೊದಲ ವರ್ಷಗಳ ಫೋಲಿಸ್‌ಗಳಿಗೆ ಹೋಲಿಸಿದರೆ ಮುಂದಿನವು ಹಗುರವಾಗುತ್ತ ಹೋಗುತ್ತವೆ. ಪ್ರತಿ ನಾಣ್ಯವನ್ನೂ ಗ್ರಾಂನ ನೂರನೆಯ ಭಾಗದವರೆಗೆ ತೂಗಿ ಬರೆದಿಡುತ್ತೇನೆ. ಆದರೆ ಸವೆತ, ತುಕ್ಕು, ಟಂಕಸಾಲೆಯವರ ಅಜಾಗರೂಕತೆ ಇವೆಲ್ಲವೂ ತೂಕವನ್ನು ಏರುಪೇರು ಮಾಡುವುದರಿಂದ, ಒಂದೇ ನಾಣ್ಯವನ್ನು ಹಿಡಿದು ‘ಪ್ಲೇಗಿನಿಂದ ತೂಕ ಇಳಿಯಿತು’ ಎಂದು ಹೇಳುವುದು ಸರಿಯಲ್ಲ. ಯುದ್ಧದ ಖರ್ಚೂ ಅದೇ ಬೊಕ್ಕಸದ ಮೇಲೆ ಬೀಳುತ್ತಿತ್ತು. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್‌ನ ಬೆಳ್ಳಿ ಪೆನ್ನಿಯ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು: ‘ಕಪ್ಪು ಸಾವು’ ಎಂದು ಹೆಸರಾದ 1348-49ರ ಪ್ಲೇಗಿನ ಬೆನ್ನಲ್ಲೇ, 1351ರಲ್ಲಿ ಅದರ ತೂಕ 20 ಗ್ರೇನ್‌ನಿಂದ 18ಕ್ಕೆ ಇಳಿಯಿತು, ಆದರೆ ಫ್ರಾನ್ಸ್ ಜತೆಗಿನ ಯುದ್ಧವೂ ಆಗ ನಡೆಯುತ್ತಿತ್ತು.

ರೋಗವನ್ನು ನೇರವಾಗಿ ನೆನಪಿಸುವ ನಾಣ್ಯಗಳು ವಿರಳ. 251ರಿಂದ 253ರವರೆಗೆ ಆಳಿದ ರೋಮನ್ ಚಕ್ರವರ್ತಿ ಟ್ರೆಬೋನಿಯನಸ್ ಗಾಲಸ್‌ನ ಆಂಟೋನಿನಿಯಾನಸ್ ಎಂಬ ಬೆಳ್ಳಿ ಬೆರೆತ ನಾಣ್ಯವೊಂದರಲ್ಲಿ ಅಪೋಲೊ ದೇವತೆ ರೆಂಬೆ ಹಿಡಿದು ನಿಂತಿದ್ದಾನೆ. ಸುತ್ತಲಿನ ‘ಅಪೋಲ್ ಸಲುಟಾರಿ’ ಎಂಬ ಬರಹವು ಅವನನ್ನು ಆರೋಗ್ಯ ಕೊಡುವವನೆಂದು ಸ್ತುತಿಸುತ್ತದೆ. ಸಿಪ್ರಿಯನ್‌ನ ಪ್ಲೇಗ್ ಎಂದು ಹೆಸರಾದ ಪಿಡುಗು ಸಾಮ್ರಾಜ್ಯವನ್ನು ಕಾಡುತ್ತಿದ್ದ ವರ್ಷಗಳವು. ಅಪೋಲೊ ರೋಗ ಕಳಿಸುವವನೂ ಹೌದು, ತೆಗೆಯುವವನೂ ಹೌದು ಎಂಬ ನಂಬಿಕೆಯನ್ನು ಬಲ್ಲವರಿಗೆ ಈ ಪುಟ್ಟ ನಾಣ್ಯ ಒಂದು ಸಾಮ್ರಾಜ್ಯದ ಮೊರೆಯಂತೆ ಕೇಳಿಸುತ್ತದೆ. ನನ್ನ ಸಂಗ್ರಹದಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ.

ವೆನಿಸ್‌ನ ಡೋಜ್ (ಗಣರಾಜ್ಯದ ಮುಖ್ಯಸ್ಥ) ಆಂಡ್ರಿಯಾ ಡಾಂಡೊಲೊನ ಹೆಸರಿರುವ ನಾಣ್ಯಗಳನ್ನು ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಆತ 1343ರಿಂದ 1354ರವರೆಗೆ ಅಧಿಕಾರದಲ್ಲಿದ್ದನು, ನಾಣ್ಯದ ಮೇಲೆ ವರ್ಷವಿಲ್ಲ. ಅದನ್ನು ಕಪ್ಪು ಸಾವಿನ 1348ಕ್ಕೇ ಸೇರಿಸುವುದು ಬರಿಯ ಆಸೆಯಾದೀತು. ಇದಕ್ಕೆ ತದ್ವಿರುದ್ಧವಾಗಿ, 1918ರ ಇನ್‌ಫ್ಲುಯೆಂಜಾ ವರ್ಷದ ನಾಣ್ಯಗಳು ಹೇರಳವಾಗಿವೆ, ಇಸವಿಯೂ ಸ್ಪಷ್ಟ. ಅವುಗಳಲ್ಲಿ ಐದನೆಯ ಜಾರ್ಜ್‌ನ ರೂಪಾಯಿಯನ್ನು ಆರಿಸಿಕೊಂಡೆ, ಅದೂ ಚುಕ್ಕೆಯ ಗುರುತಿರುವ ಮುಂಬಯಿ ಟಂಕಸಾಲೆಯದನ್ನೇ. ಆ ಜ್ವರ 1918ರ ಜೂನ್‌ನಲ್ಲಿ ಭಾರತದಲ್ಲಿ ಮೊದಲು ಹರಡಿದ್ದು ಆ ನಗರದಲ್ಲೇ.

ಹಳೆಯ ತಾಮ್ರದ ನಾಣ್ಯಗಳನ್ನು ಉಜ್ಜಿ ಹೊಳೆಯಿಸಬಾರದು. ಮೇಲ್ಮೈಯಲ್ಲಿ ತಿಳಿಹಸಿರು ಪುಡಿ ಕಾಣಿಸಿದರೆ ಅದು ಲೋಹವನ್ನು ತಿನ್ನುತ್ತಿರುವ ಲಕ್ಷಣ. ಅಂಥದನ್ನು ಕೂಡಲೇ ಉಳಿದವುಗಳಿಂದ ಬೇರ್ಪಡಿಸಿ ತೇವವಿಲ್ಲದ ಡಬ್ಬಿಯಲ್ಲಿ ಇಡುತ್ತೇನೆ. ಪಿವಿಸಿ ಬೆರೆತ ಪ್ಲಾಸ್ಟಿಕ್ ಚೀಲಗಳನ್ನು ಬಳಸುವುದಿಲ್ಲ. ಎರಕ ಹೊಯ್ದ ನಕಲಿಗಳಲ್ಲಿ ಸಣ್ಣ ಗುಳ್ಳೆಗಳು, ಮೊಂಡಾದ ಅಕ್ಷರಗಳು, ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಾಣುತ್ತವೆಯಾದ್ದರಿಂದ ಅಂಚನ್ನು ಭೂತಗನ್ನಡಿಯಲ್ಲಿ ನೋಡದೆ ಏನನ್ನೂ ಕೊಳ್ಳುವುದಿಲ್ಲ.

ಲಂಡನ್ನಿನ 1665ರ ಪ್ಲೇಗಿಗೆ ಮೀಸಲಿಟ್ಟ ಸ್ಥಳ ಸದ್ಯ ಖಾಲಿ ಇದೆ. ಎರಡನೆಯ ಚಾರ್ಲ್ಸ್‌ನ ಆ ವರ್ಷದ ಕ್ರೌನ್ ಎಂಬ ದೊಡ್ಡ ಬೆಳ್ಳಿ ನಾಣ್ಯ ಬಹಳ ಅಪರೂಪ; ಹಿಂದುಮುಂದಿನ ಇಸವಿಗಳ ನಾಣ್ಯಗಳಲ್ಲಿ ಒಂದಂಕಿಯನ್ನು ತಿದ್ದಿ ಮಾರುವ ಅಪಾಯವೂ ಇದೆ. ಅದರ ಅಂಚಿನಲ್ಲಿ ಆಳ್ವಿಕೆಯ ವರ್ಷವನ್ನು ರೋಮನ್ ಅಂಕಿಯಲ್ಲಿ ಕೆತ್ತಿರುತ್ತಾರೆ. 1665ಕ್ಕೆ ಸಾಮಾನ್ಯವಾಗಿ ಹೊಂದುವುದು 17. ಆ ಅಂಚನ್ನು ಸುತ್ತಲೂ ಓದಲು ಬಿಡುವ ಮಾರಾಟಗಾರರ ಬಳಿ ಅಂಥ ಕ್ರೌನ್ ಬಂದಾಗ ಕೊಳ್ಳುತ್ತೇನೆ.