ಗೂಡಿಗೆ ಕೈ ಹಾಕಿದರೆ ಕಚ್ಚುತ್ತಿದ್ದ ಬೆಳ್ಳಿ

ಶಿರಸಿಯ ನಮ್ಮ ಮನೆಗೆ ಎರಡು ತಿಂಗಳ ಮರಿಯಾಗಿ ಬಂದ ಬೆಳ್ಳಿ ಎಂಬ ಹೆಣ್ಣು ಮೊಲ, ಐದು ತಿಂಗಳು ತುಂಬುವ ಹೊತ್ತಿಗೆ ಗೂಡಿಗೆ ಕೈ ಹಾಕಿದವರ ಮೇಲೆಲ್ಲ ಎರಗತೊಡಗಿತು. ಕಿವಿಗಳನ್ನು ಬೆನ್ನಿಗೊತ್ತಿ, ಬಾಲ ನಿಮಿರಿಸಿ, ಗೊರ್ರೆಂದು ಮುಂಗಾಲುಗಳಿಂದ ಹೊಡೆಯುತ್ತಿತ್ತು. ಒಮ್ಮೆ ನನ್ನ ಹೆಬ್ಬೆರಳಿನ ಬುಡಕ್ಕೇ ಹಲ್ಲು ಇಳಿಸಿತು. ಮೊಲವೆಂದರೆ ಸಾಧುಪ್ರಾಣಿ ಎಂದು ನಂಬಿದ್ದ ಮನೆಯವರು, ಯಾರಿಗಾದರೂ ಕೊಟ್ಟುಬಿಡು ಎಂದರು.

ಕೊಡುವ ಮೊದಲು ಒಂದು ವಾರ ಸುಮ್ಮನೆ ಕುಳಿತು ನೋಡಿದೆ. ಅಂಗಳಕ್ಕೆ ಬಿಟ್ಟಾಗ ನನ್ನ ಕಾಲ ಸುತ್ತಲೇ ಸುಳಿಯುತ್ತಿದ್ದ ಬೆಳ್ಳಿಗೆ ಸಿಟ್ಟು ಬರುತ್ತಿದ್ದುದು ಗೂಡಿನೊಳಗೆ ಮಾತ್ರ. ಮೊಲದ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಆದರೆ ಮೂಗಿನ ನೇರ ಮುಂದಿನ ತುಸು ಜಾಗ ಕಾಣುವುದಿಲ್ಲ. ನಾನು ಬಟ್ಟಲು ಹಿಡಿದು ಕೈ ಚಾಚುತ್ತಿದ್ದುದು ಸರಿಯಾಗಿ ಅಲ್ಲಿಗೇ. ಅದು ಎರಗಿದೊಡನೆ ಕೈ ಹಿಂದಕ್ಕೆಳೆದು, ಎರಗಿದರೆ ಕೈ ಓಡುತ್ತದೆ ಎಂಬ ಪಾಠವನ್ನೂ ನಾನೇ ಕಲಿಸಿದ್ದೆ.

ಅಂದಿನಿಂದ ಬೆಳ್ಳಿ ತಾನಾಗಿ ಹೊರಬಂದ ಮೇಲಷ್ಟೇ ಗೂಡು ಗುಡಿಸಿದೆ. ಒಳಗಿರುವಾಗ ಕೈ ಹಾಕಲೇಬೇಕಾದರೆ ಅಡಿಕೆ ಹಾಳೆಯ ತುಂಡೊಂದನ್ನು ಅಡ್ಡ ಹಿಡಿದು, ಮತ್ತೊಂದು ಕೈಯನ್ನು ಬದಿಯಿಂದ ತಂದು ಹಣೆಯನ್ನು ಮೆಲ್ಲಗೆ ಸವರುತ್ತಿದ್ದೆ. ಹಾಳೆಯನ್ನು ಕಚ್ಚಿದರೂ ಕೈ ತೆಗೆಯಲಿಲ್ಲ, ಗದರಲೂ ಇಲ್ಲ. ಗದರಿದರೆ ಮೊಲ ಹೆದರುತ್ತದೆ, ಹೆದರಿದ ಮೊಲ ಇನ್ನಷ್ಟು ಕಚ್ಚುತ್ತದೆ.

ಸುಮಾರು ಮೂರು ವಾರಗಳಲ್ಲಿ ಅರ್ಧ ಶಾಂತಿ ಬಂದಿತ್ತು. ಅಷ್ಟರಲ್ಲಿ ಒಂದು ಬೆಳಗ್ಗೆ ಬೆಳ್ಳಿ ಬಾಯಿ ತುಂಬ ಒಣಹುಲ್ಲು ಕಚ್ಚಿಕೊಂಡು ಮೂಲೆಗೆ ಓಡುತ್ತಿತ್ತು, ಕತ್ತಿನ ಕೆಳಗಿನ ರೋಮವನ್ನು ತಾನೇ ಕಿತ್ತು ಅಲ್ಲಿ ಹಾಸುತ್ತಿತ್ತು. ಗಂಡು ಮೊಲದ ನೆರಳೂ ಸೋಕಿರಲಿಲ್ಲ. ಇದು ಹುಸಿ ಗರ್ಭ, ಹೊಟ್ಟೆಯಲ್ಲಿ ಮರಿಯಿಲ್ಲದಿದ್ದರೂ ಮೈ ಬಸುರಾದಂತೆ ನಡೆದುಕೊಳ್ಳುವುದು. ಎರಡೂವರೆ ವಾರ ಅದರ ತಂಟೆಗೆ ಹೋಗದೆ, ಹಾಸಿಕೊಂಡದ್ದನ್ನು ಕದಲಿಸದೆ ಬಿಟ್ಟೆ.

ಆಮೇಲೆ ಮೊಲಗಳಿಗೆ ಅರಿವಳಿಕೆ ಕೊಟ್ಟು ರೂಢಿಯಿದ್ದ ವೈದ್ಯರನ್ನು ಹುಡುಕಿ, ಹುಬ್ಬಳ್ಳಿಗೆ ಒಯ್ದು ಸಂತಾನಹರಣ ಮಾಡಿಸಿದೆ. ವಯಸ್ಸಾದಂತೆ ಹೆಣ್ಣು ಮೊಲಗಳಲ್ಲಿ ಹೆಚ್ಚಾಗಿ ಕಾಣುವ ಗರ್ಭಕೋಶದ ಕ್ಯಾನ್ಸರನ್ನೂ ಇದು ತಪ್ಪಿಸುತ್ತದೆ. ನಾಯಿ, ಬೆಕ್ಕುಗಳಂತೆ ಮೊಲವನ್ನು ಹಿಂದಿನ ರಾತ್ರಿ ಉಪವಾಸ ಕೆಡವಬಾರದು. ಅದಕ್ಕೆ ವಾಂತಿಯಾಗುವುದಿಲ್ಲ, ಹೊಟ್ಟೆ ಖಾಲಿಯಾದರೆ ಕರುಳೇ ನಿಂತೀತು. ಮನೆಗೆ ತಂದ ರಾತ್ರಿ ನಾನು ಕಾದು ಕುಳಿತದ್ದೂ ಅದು ಹುಲ್ಲಿಗೆ ಬಾಯಿ ಹಾಕಿ ಹಿಕ್ಕೆ ಹಾಕಲಿ ಎಂದೇ.

ಸಿಟ್ಟನ್ನೂ ಹುಸಿ ಗರ್ಭವನ್ನೂ ತರುವ ಹಾರ್ಮೋನು ದೇಹದಲ್ಲಿ ಇಳಿಯಲು ಕೆಲವು ವಾರ ಹಿಡಿದವು. ಈಗ ಬೆಳ್ಳಿಗೆ ಮೂರು ವರ್ಷ. ಬಟ್ಟಲು ತೆಗೆಯುವಾಗ ಒಮ್ಮೊಮ್ಮೆ ಈಗಲೂ ಗೊರ್ರೆನ್ನುತ್ತದೆ, ಆದರೆ ಹಣೆಗೆ ಬೆರಳು ತಾಗಿದೊಡನೆ ಗದ್ದವನ್ನು ನೆಲಕ್ಕೆ ಊರುತ್ತದೆ. ಹಾಳೆಯ ತುಂಡನ್ನು ಕಡಿದು ಕಡಿದು ಅಂಗೈಯಷ್ಟು ಉಳಿಸಿದೆ.